ನಡುಗುವ ಬಾಲಕ್ಕೆ ಪಿಂಗಾಣಿ ಪಟ್ಟಿ

ಅಮೆರಿಕದ ಎಫ್/ಎ-18 ಯುದ್ಧವಿಮಾನ ಮೂತಿ ಮೇಲೆತ್ತಿ ಹಾರುವಾಗ ರೆಕ್ಕೆಯ ಬುಡದಲ್ಲಿ ಹುಟ್ಟಿದ ಗಾಳಿಸುಳಿಗಳು ಹಿಂದಕ್ಕೆ ಹರಿದು, ಒಡೆದು, ಎರಡೂ ಲಂಬ ಬಾಲಗಳಿಗೆ ಅಪ್ಪಳಿಸುತ್ತವೆ. ಬಾಲ ಗಡಗಡ ನಡುಗುತ್ತದೆ. ಇದು ಮತ್ತೆ ಮತ್ತೆ ಆದರೆ ಬಿರುಕು ಕಾಣಿಸಿಕೊಳ್ಳುತ್ತದೆ. ದಪ್ಪ ಹೆಚ್ಚಿಸಿದರೆ ವಿಮಾನದ ತೂಕ ಏರುತ್ತದೆ. ಬಾಲವೇ ತನ್ನ ನಡುಕವನ್ನು ಅಡಗಿಸಿಕೊಳ್ಳುವಂತಿದ್ದರೆ?

1990ರ ದಶಕದಲ್ಲಿ ನಾಸಾದ ಲ್ಯಾಂಗ್ಲಿ ಕೇಂದ್ರ ಇದನ್ನು ಗಾಳಿಸುರಂಗದಲ್ಲಿ ಪರೀಕ್ಷಿಸಿತು. ವಿಮಾನದ ಆರನೇ ಒಂದರಷ್ಟು ಗಾತ್ರದ ಮಾದರಿಯ ಬಾಲಕ್ಕೆ ಪೀಜೋಎಲೆಕ್ಟ್ರಿಕ್ ಪಟ್ಟಿಗಳನ್ನು ಅಂಟಿಸಲಾಗಿತ್ತು. ಬಾಲ ಬಾಗುವ ಮೊದಲ ಆವರ್ತನದಲ್ಲಿ ಬುಡದ ಕಂಪನದ ತೀವ್ರತೆ ಹೆಚ್ಚೆಂದರೆ ಶೇ. 60ರಷ್ಟು ಇಳಿಯಿತು. ಎಲ್ಲ ಆವರ್ತನಗಳನ್ನೂ ಸೇರಿಸಿ ನೋಡಿದರೆ ಇಳಿಕೆ ಹೆಚ್ಚೆಂದರೆ ಶೇ. 19.

ಒತ್ತಿದಾಗ ವಿದ್ಯುತ್ ಹೊಮ್ಮಿಸುವ ಇಂಥ ಪೀಜೋಎಲೆಕ್ಟ್ರಿಕ್ ಹರಳುಗಳನ್ನು 1880ರಲ್ಲಿ ತೋರಿಸಿಕೊಟ್ಟವರು ಪಿಯರ್ ಮತ್ತು ಜಾಕ್ ಕ್ಯೂರಿ ಸಹೋದರರು. ವಿದ್ಯುತ್ ಕೊಟ್ಟರೆ ಅವೇ ಹಿಗ್ಗುತ್ತವೆ, ಕುಗ್ಗುತ್ತವೆ. ಆದರೆ ಎಷ್ಟು? ಕಾಲು ಮಿಲಿಮೀಟರ್ ದಪ್ಪ, 10 ಸೆಂಟಿಮೀಟರ್ ಉದ್ದದ, ಇದೇ ಗುಣದ ಪಿಂಗಾಣಿ ಪಟ್ಟಿಗೆ 100 ವೋಲ್ಟ್ ಕೊಟ್ಟರೆ ಉದ್ದ ಬದಲಾಗುವುದು ಸುಮಾರು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟೇ. ಇಷ್ಟು ಸಣ್ಣ ಶಕ್ತಿಯ ಪಟ್ಟಿಯನ್ನು ತಪ್ಪು ಜಾಗದಲ್ಲಿ ಅಂಟಿಸಿದರೆ ದಂಡ. ಸರಿಯಾದ ಜಾಗ ಯಾವುದೆಂದು ಮೊದಲೇ ತಿಳಿಯಲು ಲೆಕ್ಕ ಬೇಕು.

ಆ ಲೆಕ್ಕದ ದಾರಿಯೇ ಫೈನೈಟ್ ಎಲಿಮೆಂಟ್ ವಿಧಾನ. 1960ರಲ್ಲಿ ರೇ ಕ್ಲಫ್ ಈ ಹೆಸರಿಟ್ಟರು. ಬಾಲದಂಥ ಫಲಕವನ್ನು ಸಾವಿರಾರು ಪುಟ್ಟ ತುಂಡುಗಳಾಗಿ ಭಾವಿಸಿ, ಒಂದೊಂದರ ಮೂಲೆಯೂ ಎಷ್ಟು ಸರಿಯುತ್ತದೆ ಎಂದು ಕಂಪ್ಯೂಟರಿನಿಂದ ಬಿಡಿಸುವುದು ಇದರ ಕ್ರಮ. 1970ರಲ್ಲಿ ಅಲಿಕ್ ಮತ್ತು ಹ್ಯೂಸ್ ಇದೇ ಸಮೀಕರಣಗಳೊಳಗೆ ವೋಲ್ಟೇಜನ್ನೂ ಸೇರಿಸಿದರು.

ತುಂಡುಗಳ ಸಂಖ್ಯೆ ಹೆಚ್ಚಿಸುವುದು ದೊಡ್ಡ ಮಾತಲ್ಲ. ನಿಜವಾದ ತೊಡಕಿರುವುದು ದಪ್ಪದ ದಿಕ್ಕಿನಲ್ಲಿ. ದಪ್ಪ ಪುಸ್ತಕವನ್ನು ಬಾಗಿಸಿ ನೋಡಿ: ಹಾಳೆಗಳು ಒಂದರ ಮೇಲೊಂದು ಜಾರುತ್ತವೆ. ಬಾಲದಂಥ ಭಾಗಗಳಿಗೆ ಬಳಸುವ ಕಾರ್ಬನ್ ಎಳೆಗಳ ಫಲಕದಲ್ಲಿ ಪದರಗಳು ಅಂಟಿಕೊಂಡಿರುವುದರಿಂದ ಹಾಗೆ ಜಾರಲಾರವು, ಆದರೆ ಅವುಗಳ ನಡುವಿನ ರಾಳ ಮೆದುವಾದ್ದರಿಂದ ಸ್ವಲ್ಪ ವಾಲುತ್ತವೆ. ಫಲಕಗಳ ಬಾಗುವಿಕೆಗೆ 1850ರಲ್ಲಿ ಕಿರ್ಕಾಫ್ ಕೊಟ್ಟ ಸಿದ್ಧಾಂತ ಈ ವಾಲುವಿಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ತೆಳು ಲೋಹದ ತಗಡಿಗೆ ಅಷ್ಟು ಸಾಕು. 1951ರಲ್ಲಿ ಮಿಂಡ್ಲಿನ್ ವಾಲಲು ಅವಕಾಶ ಕೊಟ್ಟರು. 1984ರಲ್ಲಿ, ತೆಲಂಗಾಣದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಜೆ.ಎನ್. ರೆಡ್ಡಿ, ದಪ್ಪದುದ್ದಕ್ಕೂ ವಿರೂಪ ವಕ್ರವಾಗಿ ಬದಲಾಗುವ ಸೂತ್ರ ಕೊಟ್ಟರು. ಪ್ರತಿ ಪದರಕ್ಕೂ ಪ್ರತ್ಯೇಕ ಲೆಕ್ಕ ಇಡುವ ವಿಧಾನ ಇನ್ನೂ ನಿಖರ, ಆದರೆ ಪದರ ಹೆಚ್ಚಿದಷ್ಟೂ ಕಂಪ್ಯೂಟರಿಗೆ ಹೊರೆ.

ಇಷ್ಟು ಸೂಕ್ಷ್ಮ ಎಲ್ಲ ಕಡೆಯೂ ಬೇಕೆ? ಬೇಕಿಲ್ಲ. ಬಾಲ ಒಟ್ಟಾರೆ ಯಾವ ಆವರ್ತನದಲ್ಲಿ ನಡುಗುತ್ತದೆ ಎಂದು ತಿಳಿಯಲು ಸರಳ ಮಾದರಿಯೇ ಸಾಕು. ಪಟ್ಟಿಯ ಅಂಚಿನ ಕಥೆ ಬೇರೆ. ಅಂಟು ತೆಳುವಾಗಿ, ಬಿಗಿಯಾಗಿ ಇದ್ದರೆ ಪಟ್ಟಿಯ ಬಲ ಫಲಕಕ್ಕೆ ದಾಟುವುದು ಬಹುಪಾಲು ತುದಿಗಳ ಸಮೀಪದಲ್ಲೇ ಎಂದು ಎಂಐಟಿಯ ಕ್ರಾಲಿ ಮತ್ತು ಡಿ ಲೂಯಿಸ್ 1987ರಲ್ಲಿ ತೋರಿಸಿದರು. ಪಟ್ಟಿ ಕಿತ್ತುಬರುವ ಭಯವೂ ಅಲ್ಲೇ. ಅಲ್ಲಿ ಜಿಪುಣತನ ಮಾಡಿದರೆ ಉಳಿದ ಲೆಕ್ಕವೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ. ಅಂಚಿನ ಸುತ್ತ ತುಂಡುಗಳು ಸಣ್ಣದಾಗಿರಬೇಕು, ಅಂಟಿಗೂ ಅದರದೇ ಪದರ ಕೊಡಬೇಕು.