ಅರ್ಜಿಯ ಪಕ್ಕದಲ್ಲಿ ಕೂರುವವರು ಬೇಕು

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ದಿನದಿಂದ ಕಾಲೇಜುಗಳು ಆರಂಭವಾಗುವವರೆಗೆ ನಮ್ಮ ನಗರದ ಸಾವಿರಾರು ಮನೆಗಳಲ್ಲಿ ನಡೆಯುವ ಚರ್ಚೆ ಒಂದೇ: ಸೀಟು ಸಿಕ್ಕೀತು, ಶುಲ್ಕಕ್ಕೆ ಏನು ಮಾಡುವುದು? ಸೀಟಿನ ವಿಚಾರದಲ್ಲಿ ಸಲಹೆ ನೀಡಲು ಕೋಚಿಂಗ್ ಕೇಂದ್ರಗಳಿವೆ, ಶಿಕ್ಷಣ ಮೇಳಗಳಿವೆ, ಪತ್ರಿಕೆಗಳ ಪುರವಣಿಗಳಿವೆ. ಶುಲ್ಕದ ವಿಚಾರದಲ್ಲಿ ಬಹುಪಾಲು ಕುಟುಂಬಗಳಿಗೆ ಗೊತ್ತಿರುವ ದಾರಿ ಮೂರೇ: ಒಡವೆಯ ಮೇಲೆ ಸಾಲ, ಚೀಟಿ ಎತ್ತುವುದು, ಇಲ್ಲವೇ ಸೋದರಮಾವನ ಮುಂದೆ ಕೈಚಾಚುವುದು.

ಹಾಗೆಂದು ಸರ್ಕಾರದಲ್ಲಿ ಹಣವಿಲ್ಲವೆಂದಲ್ಲ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾದದ್ದು 1944ರಲ್ಲಿ, ಸ್ವಾತಂತ್ರ್ಯಕ್ಕೂ ಮುಂಚೆ. ಅಲ್ಲಿಂದೀಚೆಗೆ ಹಿಂದುಳಿದ ವರ್ಗಗಳಿಗೆ, ಅಲ್ಪಸಂಖ್ಯಾತರಿಗೆ, ಕಾರ್ಮಿಕರ ಮಕ್ಕಳಿಗೆ, ಪ್ರತಿಭಾವಂತರಿಗೆ ಎಂದು ಯೋಜನೆಗಳು ಒಂದರ ಮೇಲೊಂದು ಬಂದಿವೆ. ಹಾಸ್ಟೆಲಿನಲ್ಲಿ ಸ್ಥಳ ಸಿಗದ ವಿದ್ಯಾರ್ಥಿಗೆ ತಿಂಗಳಿಗೆ 1,500 ರೂಪಾಯಿಯಂತೆ ವರ್ಷದಲ್ಲಿ ಹತ್ತು ತಿಂಗಳು ನೀಡುವ ‘ವಿದ್ಯಾಸಿರಿ’ 2013ರಲ್ಲಿ ಬಂತು. ಸರ್ಕಾರಿ ಶಾಲೆ, ಕಾಲೇಜುಗಳಲ್ಲಿ ಓದಿ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ ನೀಡುವ ಕಾರ್ಯಕ್ಕೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಇತ್ತೀಚೆಗೆ ಕೈಹಾಕಿದೆ.

‘ಇವೆಲ್ಲ ನಮ್ಮಂಥವರಿಗಲ್ಲ’ ಎಂದು ಈ ಅಂಕಣದ ಓದುಗರು ಭಾವಿಸಬಹುದು. ಆ ಭಾವನೆಯೂ ಪೂರ್ತಿ ನಿಜವಲ್ಲ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನಿಗದಿತ ಸಂಖ್ಯೆಯ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟುಗಳನ್ನು ಬೋಧನಾ ಶುಲ್ಕವಿಲ್ಲದೆ ನೀಡುವ ವ್ಯವಸ್ಥೆಯೊಂದಿದೆ. ಸಿಇಟಿಯ ಭಾಷೆಯಲ್ಲಿ ಅದಕ್ಕೆ ‘ಎಸ್‌ಎನ್‌ಕ್ಯು’ ಎಂದು ಹೆಸರು. ಅದರ ಕೌಟುಂಬಿಕ ಆದಾಯ ಮಿತಿ ವಾರ್ಷಿಕ 8 ಲಕ್ಷ ರೂಪಾಯಿ. ಪಿಯುಸಿಯಲ್ಲಿ ತಮ್ಮ ವಿಭಾಗದ ಮೊದಲ ಶೇ 20ರೊಳಗೆ ಬಂದು, ಕುಟುಂಬದ ಆದಾಯ ನಾಲ್ಕೂವರೆ ಲಕ್ಷ ಮೀರದವರಿಗೆ ಕೇಂದ್ರ ಸರ್ಕಾರ ಪದವಿಯ ಮೂರು ವರ್ಷ ತಲಾ 12,000 ರೂಪಾಯಿ ಕೊಡುತ್ತದೆ. ದೇಶದಾದ್ಯಂತ ವರ್ಷಕ್ಕೆ 82,000 ಹೊಸ ವಿದ್ಯಾರ್ಥಿಗಳಿಗೆ ಇದರಲ್ಲಿ ಅವಕಾಶವಿದ್ದು ಅರ್ಧದಷ್ಟು ಹೆಣ್ಣುಮಕ್ಕಳಿಗೆ ಮೀಸಲು. ಜಾತಿಯ ಪ್ರಶ್ನೆ ಇಲ್ಲಿ ಅರ್ಹತೆಯ ಮೊದಲ ಬಾಗಿಲಲ್ಲ.

ನಿವೃತ್ತಿಯ ಅನಂತರ ಬೇಸಿಗೆಯ ಭಾನುವಾರಗಳಲ್ಲಿ ವಿಲ್ಸನ್ ಗಾರ್ಡನ್‌ನ ನಮ್ಮ ಮನೆಯ ವರಾಂಡದಲ್ಲಿ ಇಂಥ ಅರ್ಜಿಗಳನ್ನು ತುಂಬಿಸುವ ಕೆಲಸ ನನಗೆ ಅಂಟಿಕೊಂಡಿದೆ. ಲಕ್ಕಸಂದ್ರ, ವಿನಾಯಕನಗರ, ಹೊಂಬೇಗೌಡನಗರಗಳಿಂದ ಜನ ಬರುತ್ತಾರೆ: ಮನೆಗೆಲಸದ ಹೆಂಗಸರು, ಆಟೊ ಚಾಲಕರು, ಅಪಾರ್ಟ್‌ಮೆಂಟುಗಳ ಕಾವಲುಗಾರರು, ಸಣ್ಣ ಅಂಗಡಿಗಳ ಗುಮಾಸ್ತರು. ಅವರಲ್ಲಿ ಬಹಳ ಮಂದಿ ಹೇಳುವ ಮಾತು ಒಂದೇ: ‘ಸಾರ್, ಹೋದ ವರ್ಷಾನೇ ಅರ್ಜಿ ಹಾಕ್ಸಿದೀವಿ, ದುಡ್ಡು ಮಾತ್ರ ಬಂದಿಲ್ಲ.’ ಸೈಬರ್ ಅಂಗಡಿಯವನು ಕೊಟ್ಟ ಸ್ವೀಕೃತಿ ಚೀಟಿಯನ್ನು ಪ್ಲಾಸ್ಟಿಕ್ ಚೀಲದೊಳಗೆ ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ. ಆ ಚೀಟಿ ಇದ್ದರೆ ಹಣ ಬಂದಂತೆಯೇ ಎಂಬುದು ಅವರ ನಂಬಿಕೆ.

ಹಣ ಏಕೆ ಬರಲಿಲ್ಲ? ಕಾರಣ ಹುಡುಕುತ್ತ ಹೋದರೆ ಭ್ರಷ್ಟಾಚಾರವೂ ಅಲ್ಲ, ಅನುದಾನದ ಕೊರತೆಯೂ ಅಲ್ಲ, ಒಂದು ಅಕ್ಷರ ಎಂಬುದು ಎಷ್ಟೋ ಸಲ ತಿಳಿಯುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹುಡುಗಿಯ ಹೆಸರಿನ ಜೊತೆ ‘ಎಂ’ ಎಂಬ ಇನಿಷಿಯಲ್ ಇದೆ. ಆಧಾರ್‌ನಲ್ಲಿ ಅದರ ಬದಲು ತಂದೆಯ ಪೂರ್ಣ ಹೆಸರಿದೆ. ಮನುಷ್ಯರಿಗೆ ಇಬ್ಬರೂ ಒಬ್ಬಳೇ. ಗಣಕಯಂತ್ರಕ್ಕೆ ಇಬ್ಬರು. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು, ತಾತನ ಹೆಸರು ಎಲ್ಲವನ್ನೂ ಇನಿಷಿಯಲ್ಲಿಗೆ ಇಳಿಸುವ ಪದ್ಧತಿ ಇರುವುದರಿಂದ ಈ ತೊಡಕು ಕರ್ನಾಟಕದಲ್ಲಿ ಸ್ವಲ್ಪ ಹೆಚ್ಚೇ ಎನ್ನಬೇಕು. ಆಧಾರ್ ತಿದ್ದುಪಡಿಗೆ ಹೋಗಿ ಬರುವಷ್ಟರಲ್ಲಿ ಅರ್ಜಿಯ ಕೊನೆಯ ದಿನ ಮುಗಿದಿರುತ್ತದೆ.

ಇನ್ನೊಂದು ತೊಡಕು ಬ್ಯಾಂಕಿನದು. ಖಾತೆಗೆ ಆಧಾರ್ ಸಂಖ್ಯೆಯನ್ನು ಕೊಟ್ಟಿದ್ದೇವೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಸರ್ಕಾರದ ಹಣ ನೇರವಾಗಿ ಖಾತೆಗೆ ಬರಬೇಕಾದರೆ ಅಷ್ಟು ಸಾಲದು. ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲೂ ಆ ಆಧಾರ್ ಸಂಖ್ಯೆ ಆ ಬ್ಯಾಂಕಿನ ಹೆಸರಿಗೆ ಜೋಡಣೆಯಾಗಿರಬೇಕು. ಇವೆರಡೂ ಬೇರೆ ಬೇರೆ ಎಂಬುದು ಶಾಖೆಯ ಸಿಬ್ಬಂದಿಗೇ ಕೆಲವೊಮ್ಮೆ ಸ್ಪಷ್ಟವಿರುವುದಿಲ್ಲ. ನನ್ನೊಂದಿಗೆ ಬಂದಿದ್ದ ತಾಯಿಯೊಬ್ಬರನ್ನು ಒಂದು ಶಾಖೆಯವರು ಮೂರು ಸಲ ‘ಲಿಂಕ್ ಆಗಿದೆ, ಹೋಗಮ್ಮ’ ಎಂದು ವಾಪಸು ಕಳಿಸಿದ್ದರು. ನಾಲ್ಕನೆಯ ಸಲ ಲಿಖಿತ ಅರ್ಜಿ ಕೊಟ್ಟು, ಅದರ ನಕಲಿಗೆ ಮುದ್ರೆ ಕೇಳಿದಾಗ ಕೆಲಸವಾಯಿತು. ಮೂರು ದಿನ ಅವರು ಕಳೆದುಕೊಂಡ ಕೂಲಿಯನ್ನು ಯಾವ ಯೋಜನೆಯ ಲೆಕ್ಕದಲ್ಲಿ ತೋರಿಸುವುದು?

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಇಂಥ ಸಂದರ್ಭಗಳಲ್ಲಿ ಉದ್ಧರಿಸುವುದು ವಾಡಿಕೆ. ಸರ್ಕಾರಿ ಕಚೇರಿಗಳಲ್ಲಿ ಬಹಳ ವರ್ಷ ಕಳೆದವನಾಗಿ ಪೂಜಾರಿಯ ಪರವಾಗಿಯೂ ಒಂದು ಮಾತು ಹೇಳಬೇಕು. ಹಿಂದೆ ಒಂದೊಂದು ಇಲಾಖೆಗೂ ಒಂದೊಂದು ನಮೂನೆಯ ಅರ್ಜಿ, ಪ್ರತಿಯೊಂದಕ್ಕೂ ದೃಢೀಕೃತ ನಕಲುಗಳ ಕಟ್ಟು. ಇಂದು ರಾಜ್ಯದ ಹಲವು ಇಲಾಖೆಗಳ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಎಂಬ ಒಂದೇ ಗಣಕೀಕೃತ ವ್ಯವಸ್ಥೆ ಇದೆ. ನಾಡಕಚೇರಿ ನೀಡಿದ ಜಾತಿ, ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆ ನಮೂದಿಸಿದರೆ ವಿವರ ತಾನಾಗಿ ಮೂಡುತ್ತದೆ. ಇದು ಸಣ್ಣ ಸುಧಾರಣೆಯಲ್ಲ. ಆದರೆ ಗಣಕೀಕರಣದಿಂದ ಗುಮಾಸ್ತನ ಕೆಲಸ ಮಾಯವಾಗಲಿಲ್ಲ. ಅದು ಅರ್ಜಿದಾರನ ಹೆಗಲಿಗೆ ವರ್ಗವಾಯಿತು. ಹಿಂದೆ ಅರ್ಜಿಯಲ್ಲಿ ಲೋಪವಿದ್ದರೆ ಗುಮಾಸ್ತ ಗದರಿಯಾದರೂ ತಿದ್ದಿಸುತ್ತಿದ್ದ. ಈಗ ಲೋಪ ತೆರೆಯ ಮೇಲೆ ಮೌನವಾಗಿ ಕುಳಿತಿರುತ್ತದೆ. ಅದನ್ನು ಮತ್ತೆ ತೆರೆದು ನೋಡಬೇಕೆಂದು ಯಾರೂ ಹೇಳಿರುವುದಿಲ್ಲ.

ಹಾಗಾದರೆ ಮಾಹಿತಿ ನೀಡಿದರೆ ಸಾಕಲ್ಲವೇ, ಒಂದು ಕರಪತ್ರ ಹಂಚಿದರಾಯಿತು ಎನ್ನುವವರಿದ್ದಾರೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನ ಗಮನ ಸೆಳೆದ ಪ್ರಯೋಗವೊಂದು ಇದಕ್ಕೆ ಉತ್ತರ ಕೊಡುತ್ತದೆ. ಅಮೆರಿಕದ ಓಹಿಯೊ ಮತ್ತು ನಾರ್ತ್ ಕ್ಯಾರೊಲಿನಾ ರಾಜ್ಯಗಳಲ್ಲಿ, ತೆರಿಗೆ ವಿವರ ಸಲ್ಲಿಸಲು ಎಚ್ ಅಂಡ್ ಆರ್ ಬ್ಲಾಕ್ ಕಚೇರಿಗೆ ಬಂದ ಸಾಮಾನ್ಯ ಆದಾಯದ ಕುಟುಂಬಗಳ ಮೇಲೆ ಎರಿಕ್ ಬೆಟಿಂಗರ್ ಮತ್ತು ಸಹೋದ್ಯೋಗಿಗಳು ಅದನ್ನು ನಡೆಸಿದರು. ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಕೆಲವು ಕುಟುಂಬಗಳಿಗೆ ಎಷ್ಟು ನೆರವು ಸಿಗಬಹುದೆಂಬ ಮಾಹಿತಿಯನ್ನು ಮಾತ್ರ ಕೊಟ್ಟರು. ಇನ್ನು ಕೆಲವರಿಗೆ ಅಲ್ಲಿಯೇ ಪಕ್ಕದಲ್ಲಿ ಕುಳಿತು ವಿದ್ಯಾರ್ಥಿ ನೆರವಿನ ಅರ್ಜಿ ತುಂಬಿಸಿಕೊಟ್ಟರು. ಎರಡನೆಯ ಗುಂಪಿನ ಪ್ರೌಢಶಾಲೆಯ ಕೊನೆಯ ವರ್ಷದ ಮಕ್ಕಳಲ್ಲಿ, ಮೂರು ವರ್ಷಗಳೊಳಗೆ ಎರಡು ವರ್ಷದ ಕಾಲೇಜು ಓದು ಪೂರೈಸಿದವರ ಪ್ರಮಾಣ ಶೇ 28ರಿಂದ 36ಕ್ಕೆ ಏರಿತು. ಬರಿಯ ಮಾಹಿತಿ ಪಡೆದವರಲ್ಲಿ ಅರ್ಜಿ ಸಲ್ಲಿಕೆಯಲ್ಲೂ ಸುಧಾರಣೆ ಕಾಣಲಿಲ್ಲ. ಓಹಿಯೊ ಬೇರೆ, ಲಕ್ಕಸಂದ್ರ ಬೇರೆ, ನಿಜ. ಆದರೂ ಅಕ್ಷರಸ್ಥರ ನಾಡಿನಲ್ಲೇ ಕರಪತ್ರ ಸೋತದ್ದನ್ನು ನಮ್ಮ ಇಲಾಖೆಗಳು ಗಮನಿಸಬೇಕು.

ಸಾಲದ ವಿಚಾರಕ್ಕೆ ಬಂದರೆ ಮಧ್ಯಮ ವರ್ಗದವರ ಅಜ್ಞಾನವೂ ಕಡಿಮೆಯದಲ್ಲ. 4 ಲಕ್ಷದವರೆಗಿನ ಶೈಕ್ಷಣಿಕ ಸಾಲಕ್ಕೆ ಬ್ಯಾಂಕು ಆಸ್ತಿಯ ಭದ್ರತೆ ಕೇಳುವಂತಿಲ್ಲ. ತಂದೆ ಅಥವಾ ತಾಯಿ ಸಹ-ಸಾಲಗಾರರಾದರೆ ಸಾಕು. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ ಎಂಬುದನ್ನು ಮಾತ್ರ ಎಲ್ಲರೂ ಸಂತೋಷದಿಂದ ನೆನಪಿಡುತ್ತಾರೆ. ಕಂತಿಲ್ಲ ಎಂದರೆ ಬಡ್ಡಿಯಿಲ್ಲ ಎಂದಲ್ಲ. ನಾಲ್ಕು ವರ್ಷದ ಕೋರ್ಸಿಗೆ ಪ್ರತಿ ವರ್ಷದ ಆರಂಭದಲ್ಲಿ 1 ಲಕ್ಷದಂತೆ ಸಾಲ ಪಡೆದರೆ, ಶೇ 10ರ ಸರಳ ಬಡ್ಡಿಯ ಲೆಕ್ಕದಲ್ಲೂ ಐದು ವರ್ಷ ಮುಗಿಯುವ ಹೊತ್ತಿಗೆ ಬಡ್ಡಿಯೇ 1 ಲಕ್ಷ 40 ಸಾವಿರ ರೂಪಾಯಿ. ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸಿಗೆ ಸೇರಿದ್ದರೆ, ಈ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ. 2024ರ ನವೆಂಬರ್‌ನಲ್ಲಿ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಸಂಸ್ಥೆಗಳಿಗೆ ಸೇರುವವರಿಗೆ 8 ಲಕ್ಷ ಆದಾಯದವರೆಗೂ, 10 ಲಕ್ಷದವರೆಗಿನ ಸಾಲದ ಮೇಲೆ ಶೇ 3ರಷ್ಟು ಬಡ್ಡಿ ರಿಯಾಯಿತಿ ಇದೆ. ಇವೆರಡಕ್ಕೂ ಆದಾಯ ಪ್ರಮಾಣಪತ್ರ ಬೇಕು. ಸಕಾಲದಲ್ಲಿ ಸಲ್ಲಿಸಿದ ಒಂದು ಹಾಳೆಯ ಬೆಲೆ ಲಕ್ಷ ರೂಪಾಯಿ ಮೀರಬಹುದು.

ಸಂಬಳದ ಚೀಟಿಯನ್ನು ಓದದವರಿಗೂ ಒಂದು ಮಾತು. 1965ರ ಕರ್ನಾಟಕ ಕಾರ್ಮಿಕ ಕಲ್ಯಾಣ ನಿಧಿ ಕಾಯ್ದೆಯ ಪ್ರಕಾರ ಕಾರ್ಖಾನೆ, ಸಂಸ್ಥೆಗಳ ನೌಕರರಿಂದ ವರ್ಷಕ್ಕೊಮ್ಮೆ ಸಣ್ಣ ಮೊತ್ತವೊಂದು ಕಡಿತವಾಗುತ್ತದೆ. ಆ ನಿಧಿಯಿಂದ ನೌಕರರ ಮಕ್ಕಳಿಗೆ ಶೈಕ್ಷಣಿಕ ಸಹಾಯಧನವಿದೆ. ಅದೇ ರೀತಿ ಬಣ್ಣ ಬಳಿಯುವವರು, ಟೈಲ್ಸ್ ಹಾಕುವವರು, ಎಲೆಕ್ಟ್ರಿಷಿಯನ್ನರು ಕೂಡ 1996ರ ಕಾಯ್ದೆಯ ದೃಷ್ಟಿಯಲ್ಲಿ ಕಟ್ಟಡ ಕಾರ್ಮಿಕರೇ. ನೋಂದಾಯಿಸಿಕೊಂಡಿದ್ದರೆ ಅವರ ಮಕ್ಕಳಿಗೂ ನೆರವುಂಟು. ಡೇರಿ ವೃತ್ತದ ಕಾರ್ಮಿಕ ಭವನದ ಮುಂದೆ ನಿತ್ಯ ಓಡಾಡುವ ಪೇಂಟರ್ ಒಬ್ಬರು ಒಳಗೆ ಕಾಲಿಟ್ಟದ್ದು ಮಗಳು ಪದವಿಯ ಎರಡನೆಯ ವರ್ಷಕ್ಕೆ ಬಂದಾಗ.

ಒಂದು ಕಾಲದಲ್ಲಿ ಹಳ್ಳಿಯಿಂದ ಬಂದ ಬಡ ಹುಡುಗ ಈ ನಗರದಲ್ಲಿ ವಾರಾನ್ನದಿಂದ ಓದುತ್ತಿದ್ದ. ಸೋಮವಾರ ಯಾರ ಮನೆ, ಮಂಗಳವಾರ ಯಾರ ಮನೆ ಎಂದು ಹೇಳಿ, ಕೈಹಿಡಿದು ಬಾಗಿಲವರೆಗೆ ಕರೆದೊಯ್ಯುವ ಹಿರಿಯನೊಬ್ಬ ಇರುತ್ತಿದ್ದ. ಆ ವ್ಯವಸ್ಥೆಯ ಜಾತಿಯ ಮಿತಿಗಳು ನನಗೆ ಗೊತ್ತು. ಅದು ಮರಳಬೇಕೆಂದು ನಾನು ಬಯಸುವುದಿಲ್ಲ. ಹಕ್ಕಾಗಿ ಸಿಗುವ ವಿದ್ಯಾರ್ಥಿವೇತನ ಅದಕ್ಕಿಂತ ಸಾವಿರ ಪಾಲು ಮೇಲು. ಆದರೆ ಬಾಗಿಲವರೆಗೆ ಕರೆದೊಯ್ಯುವವನ ಸ್ಥಾನ ಮಾತ್ರ ಖಾಲಿ ಉಳಿದಿದೆ.

ಅದನ್ನು ತುಂಬಲು ಹೊಸ ಇಲಾಖೆ ಬೇಕಿಲ್ಲ. ಪ್ರತಿ ಪದವಿಪೂರ್ವ ಕಾಲೇಜಿನಲ್ಲಿ ಒಬ್ಬ ಉಪನ್ಯಾಸಕರಿಗೆ ತರಬೇತಿ ಕೊಟ್ಟು, ಬೋಧನೆಯ ಹೊರೆಯಲ್ಲಿ ವಾರಕ್ಕೆ ಕೆಲವು ಗಂಟೆ ತಗ್ಗಿಸಿ, ಈ ಹೊಣೆ ವಹಿಸಬಹುದು. ಈ ಕೆಲಸ ಫಲಿತಾಂಶದ ಅನಂತರ ಅಲ್ಲ, ಪ್ರಥಮ ಪಿಯುಸಿಯಲ್ಲೇ ಆರಂಭವಾಗಬೇಕು. ಹೆಸರಿನ ವ್ಯತ್ಯಾಸ, ಬ್ಯಾಂಕ್ ಜೋಡಣೆ, ಆದಾಯ ಪ್ರಮಾಣಪತ್ರ ಇವು ಮೂರೂ ಪರೀಕ್ಷೆಗೆ ವರ್ಷ ಮೊದಲೇ ಮುಗಿಯಬಹುದಾದ ಕೆಲಸಗಳು. ಆದಾಯ ಪ್ರಮಾಣಪತ್ರಕ್ಕೆ ನಮ್ಮ ರಾಜ್ಯದಲ್ಲಿ ಐದು ವರ್ಷದ ಸಿಂಧುತ್ವವಿರುವುದರಿಂದ ಮೊದಲೇ ಮಾಡಿಸಿದರೆ ನಷ್ಟವೇನೂ ಇಲ್ಲ. ಪದವಿ ಕಾಲೇಜುಗಳು ಎರಡನೆಯ ವರ್ಷದ ನವೀಕರಣವನ್ನು ಸೂಚನಾ ಫಲಕಕ್ಕೆ ಅಂಟಿಸಿ ಕೈತೊಳೆದುಕೊಳ್ಳದೆ ತರಗತಿಗೆ ಬಂದು ಹೇಳಬೇಕು. ಮೊದಲ ವರ್ಷ ಹಣ ಬಂದು ಎರಡನೆಯ ವರ್ಷ ನಿಂತುಹೋದ ಮಕ್ಕಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಉದ್ಯಾನಗಳಲ್ಲಿ ಬೆಳಗಿನ ನಡಿಗೆಗೆ ಬರುವ ನಿವೃತ್ತ ಬ್ಯಾಂಕ್ ಅಧಿಕಾರಿಗಳು, ತಹಶೀಲ್ದಾರರು, ಅಧ್ಯಾಪಕರು ಎಷ್ಟು ಮಂದಿ! ಹತ್ತಿರದ ಸರ್ಕಾರಿ ಪದವಿಪೂರ್ವ ಕಾಲೇಜಿನ ಪ್ರಾಂಶುಪಾಲರನ್ನು ಕಂಡು, ವಾರದಲ್ಲಿ ಎರಡು ಗಂಟೆ ಕೊಡುತ್ತೇನೆ ಎಂದರೆ ಯಾರೂ ಬೇಡವೆನ್ನುವುದಿಲ್ಲ. ಕನ್ನಡಕ, ಇಂಟರ್‌ನೆಟ್ ಇರುವ ಒಂದು ಮೊಬೈಲ್, ಅಂಕಪಟ್ಟಿ ಮತ್ತು ಆಧಾರ್‌ಗಳನ್ನು ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರವಾಗಿ ಹೋಲಿಸುವ ತಾಳ್ಮೆ ಇದ್ದರೆ ಮೊದಲ ದಿನದ ಕೆಲಸಕ್ಕೆ ಸಾಕು.