ಅಳಗುಳಿ ಮಣೆ

ಅಳಗುಳಿ ಮಣೆಯು ಕರ್ನಾಟಕದಲ್ಲಿ, ಅದರಲ್ಲೂ ಹಳೆಯ ಮೈಸೂರು ಸೀಮೆಯಲ್ಲಿ ಬಳಕೆಯಲ್ಲಿರುವ, ಇಬ್ಬರು ಆಡುವ ಮಣೆಯಾಟ. ಆಫ್ರಿಕ ಮತ್ತು ಏಷ್ಯ ಖಂಡಗಳ ಹಲವೆಡೆ ಕಂಡುಬರುವ ‘ಮಂಕಾಲ’ ವರ್ಗದ ಆಟಗಳಿಗೆ ಇದು ಸೇರಿದೆ. ಇದೇ ಬಗೆಯ ಆಟಕ್ಕೆ ತುಳುನಾಡಿನಲ್ಲಿ ಚೆನ್ನೆಮಣೆ ಎಂದೂ ತಮಿಳುನಾಡಿನಲ್ಲಿ ಪಲ್ಲಾಂಗುಳಿ ಎಂದೂ ಹೆಸರು. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಸೀಮೆಯಲ್ಲಿ ಇದು ಮನೆಯೊಳಗಿನ, ಹೆಚ್ಚಾಗಿ ಹೆಂಗಸರ ಮತ್ತು ಮಕ್ಕಳ ಬಿಡುವಿನ ಆಟ. ದಾಳವಾಗಲಿ ಅದೃಷ್ಟವಾಗಲಿ ಇದರಲ್ಲಿ ಇಲ್ಲ.

ಮಣೆ ಮತ್ತು ಕಾಯಿಗಳು

ಮರದ ಮಣೆಯಲ್ಲಿ ಎದುರುಬದುರಾಗಿ ಏಳೇಳರಂತೆ 14 ಗುಳಿಗಳನ್ನು ಕೊರೆದಿರುತ್ತಾರೆ. ಹುಣಸೆ ಬೀಜ, ಕವಡೆ, ಗುಲಗಂಜಿ ಮೊದಲಾದವು ಕಾಯಿಗಳಾಗುತ್ತವೆ. ಮಣೆ ಇಲ್ಲದಿದ್ದರೆ ನೆಲದಲ್ಲಿ ಗುಳಿ ತೋಡಿಯೂ ಆಡಬಹುದು.

ಆಡುವ ಕ್ರಮ

ಊರಿಂದ ಊರಿಗೆ ನಿಯಮಗಳು ಬದಲಾಗುತ್ತವೆ. ಪ್ರಚಲಿತವಾದ ಒಂದು ಕ್ರಮದಲ್ಲಿ ಪ್ರತಿ ಗುಳಿಗೂ ನಾಲ್ಕರಂತೆ ಒಟ್ಟು 56 ಕಾಯಿಗಳನ್ನು ಹಾಕಲಾಗುತ್ತದೆ. ಆಟಗಾರರು ತಮ್ಮ ಸಾಲಿನ ಒಂದು ಗುಳಿಯ ಕಾಯಿಗಳನ್ನೆಲ್ಲ ಎತ್ತಿ, ಮುಂದಿನ ಗುಳಿಗಳಿಗೆ ಅಪ್ರದಕ್ಷಿಣವಾಗಿ ಒಂದೊಂದೇ ಬಿತ್ತುತ್ತ ಹೋಗುತ್ತಾರೆ. ಕೈ ಖಾಲಿಯಾದಾಗ ಅದರ ಮುಂದಿನ ಗುಳಿಯಿಂದ ಎತ್ತಿ ಬಿತ್ತನೆ ಮುಂದುವರಿಸಬೇಕು. ಆ ಗುಳಿ ಬರಿದಾಗಿದ್ದರೆ ಅದರಾಚೆಯ ಗುಳಿಯಲ್ಲಿರುವುದೆಲ್ಲ ಆಟಗಾರರದಾಗಿ, ಸರದಿ ಮುಗಿಯುತ್ತದೆ. ಎರಡು ಗುಳಿಗಳು ಒಟ್ಟಿಗೆ ಬರಿದಾಗಿದ್ದರೆ ಏನೂ ಸಿಗುವುದಿಲ್ಲ. ಕೆಲವೆಡೆ ಬರಿದಾದ ಗುಳಿಯಾಚೆಯ ಗುಳಿಯ ಜೊತೆಗೆ ಅದರ ಎದುರು ಸಾಲಿನ ಗುಳಿಯನ್ನೂ ಗೆಲ್ಲುವುದುಂಟು.

ಗುಣಗಳು

ಆಟದ ಎಲ್ಲ ಮಾಹಿತಿಯೂ ಇಬ್ಬರ ಕಣ್ಣೆದುರಿಗೇ ಇರುವುದು ಇದರ ದೊಡ್ಡ ಗುಣ. ಸೋತರೆ ದೂರಲು ದಾಳವಿಲ್ಲ. ಆದರೂ ಕಣ್ಣೆದುರಿಗಿರುವುದನ್ನು ಮುಂಗಾಣುವುದು ಸುಲಭವಲ್ಲ. ಮೊದಲ ನಡೆಯನ್ನೇ ನೋಡಬಹುದು. 1ರಿಂದ 14ರವರೆಗೆ ಎಣಿಸಿದ ಗುಳಿಗಳಲ್ಲಿ 1ನೆಯದನ್ನು ಎತ್ತಿದರೆ, ಸರಪಳಿಯು ಕ್ರಮವಾಗಿ 6, 11, 2, 8, 14ನೆಯ ಗುಳಿಗಳನ್ನು ಎತ್ತಿಸಿ, ಮತ್ತೆ 6ನೆಯದಕ್ಕೆ ಬರುತ್ತದೆ. ಅಲ್ಲಿರುವ ಒಂದೇ ಕಾಯಿ 7ಕ್ಕೆ ಬೀಳುತ್ತದೆ. 8 ಬರಿದಾಗಿರುವುದರಿಂದ 9ನೆಯ ಗುಳಿಯ 6 ಕಾಯಿಗಳು ಕೈಸೇರುತ್ತವೆ. ಏಳು ಬಾರಿ ಎತ್ತಿ 28 ಕಾಯಿಗಳನ್ನು ಬಿತ್ತಿದ ಮೇಲೆ ಬರುವ ಈ ಫಲವನ್ನು ಮನಸ್ಸಿನಲ್ಲೇ ಕಾಣಬಲ್ಲವರು ಅನುಭವಿಗಳು ಮಾತ್ರ. ಎಣಿಕೆ ಕಲಿಯುವ ಮಕ್ಕಳಿಗೆ ಆಟವು ಪಾಠವೆನಿಸದ ಪಾಠ.

ಕೊರತೆಗಳು

ಇದೇ ಉದಾಹರಣೆ ಆಟದ ಒಂದು ದೋಷವನ್ನೂ ತೋರಿಸುತ್ತದೆ. ಆರಂಭದಲ್ಲಿ ಎಲ್ಲ ಗುಳಿಗಳೂ ಸಮನಾಗಿರುವುದರಿಂದ ಏಳರಲ್ಲಿ ಯಾವುದನ್ನು ಎತ್ತಿದರೂ ಸರಪಳಿ ಅದೇ ರೀತಿ ಸಾಗಿ 6 ಕಾಯಿಗಳೇ ದೊರೆಯುತ್ತವೆ. ಮೊದಲು ಆಡುವವರಿಗೆ ಆ ಲಾಭ ಆಲೋಚನೆಯಿಲ್ಲದೆಯೇ ಬರುತ್ತದೆ. ಎಲ್ಲಿಂದ ಎತ್ತಬೇಕೆಂಬ ಆಯ್ಕೆಯ ಪರಿಣಾಮ ಮುಂದಿನ ನಡೆಗಳಲ್ಲಷ್ಟೇ ಕಾಣುತ್ತದೆ.

ಎರಡನೆಯ ಕೊರತೆ ಇನ್ನೂ ಗಂಭೀರ. ಮುಂದಿನ ಸುತ್ತಿಗೆ ತಾವು ಗೆದ್ದ ಕಾಯಿಗಳಿಂದಲೇ ತಮ್ಮ ಗುಳಿಗಳನ್ನು ತುಂಬಬೇಕು. 38 ಮತ್ತು 18 ಕಾಯಿಗಳೊಂದಿಗೆ ಸುತ್ತು ಮುಗಿದಿದ್ದರೆ, ಸೋತವರು ನಾಲ್ಕು ಗುಳಿಗಳನ್ನಷ್ಟೇ ತುಂಬಬಲ್ಲರು. ಉಳಿದ ಮೂರು ಮುಚ್ಚಿರುತ್ತವೆ. ಆಯ್ಕೆಗಳು ಕಡಿಮೆಯಾದಷ್ಟೂ ಚೇತರಿಸಿಕೊಳ್ಳುವುದು ಕಠಿಣ. ಗೆಲುವು ಯಾರದೆಂದು ತಿಳಿದ ಮೇಲೂ ಆಟ ಬಹಳ ಹೊತ್ತು ಎಳೆಯುತ್ತದೆ.

ಪರದೆಯ ಮೇಲೆ

2020ರ ಜೂನ್‌ನಲ್ಲಿ ನಿಂಟೆಂಡೊ ಸ್ವಿಚ್‌ಗೆ ಬಿಡುಗಡೆಯಾದ ‘ಕ್ಲಬ್‌ಹೌಸ್ ಗೇಮ್ಸ್: 51 ವರ್ಲ್ಡ್‌ವೈಡ್ ಕ್ಲಾಸಿಕ್ಸ್’ ಎಂಬ ವಿಡಿಯೊ ಗೇಮ್ ಸಂಕಲನದಲ್ಲಿ ಮಂಕಾಲವೂ ಇದೆ. ಅದು ಆರಾರು ಗುಳಿಗಳ ಜೊತೆಗೆ ಗೆದ್ದ ಕಾಯಿಗಳಿಗೆಂದೇ ಒಂದೊಂದು ದೊಡ್ಡ ಗುಳಿಯಿರುವ ‘ಕಲಾ’ ಮಾದರಿಯದು. 20ನೆಯ ಶತಮಾನದಲ್ಲಿ ಅಮೆರಿಕದಲ್ಲಿ ಪ್ರಚಾರಕ್ಕೆ ಬಂದ ಈ ಮಾದರಿಯಲ್ಲಿ, ಗುಳಿಗೆ ನಾಲ್ಕು ಕಾಯಿಗಳಿದ್ದಾಗ, ತಪ್ಪಿಲ್ಲದೆ ಆಡಿದರೆ ಮೊದಲಿಗರೇ ಗೆಲ್ಲುತ್ತಾರೆಂದು 2000ದಲ್ಲಿ ಗಣಕಯಂತ್ರದಿಂದ ಸಾಧಿಸಲಾಯಿತು.

ಪರದೆಯ ಆಟದಲ್ಲಿ ತಪ್ಪು ಬಿತ್ತನೆಯಿಲ್ಲ, ಕಾಯಿ ಕಳೆಯುವುದಿಲ್ಲ, ಜೊತೆಗಾರರು ಇಲ್ಲದಿದ್ದರೂ ಆಟ ನಿಲ್ಲುವುದಿಲ್ಲ. ಆದರೆ ಬಿತ್ತುವ ಕೆಲಸ ಯಂತ್ರದ್ದಾದಾಗ, ಕಾಯಿಗಳನ್ನು ಬೆರಳಿನಿಂದ ಒಂದೊಂದಾಗಿ ಬಿಡುತ್ತ ಎಣಿಸುವ ಅಭ್ಯಾಸ ತಪ್ಪುತ್ತದೆ. ಇದಕ್ಕಿಂತ ಹೆಚ್ಚಿನ ನಷ್ಟ ನಿಯಮಗಳ ವೈವಿಧ್ಯದ್ದು. ಮನೆಯ ಮಣೆಯ ಮುಂದೆ ಬೇರೆ ಊರಿನಿಂದ ಬಂದ ಸೊಸೆ ತನ್ನ ತವರಿನ ಕ್ರಮವನ್ನು ಹೇಳಿ, ಅತ್ತೆ ಒಪ್ಪಿದರೆ ಆ ಕ್ರಮದಲ್ಲೇ ಆಡಬಹುದು. ತಂತ್ರಾಂಶದಲ್ಲಿ ಬರೆದಿಟ್ಟ ನಿಯಮವನ್ನು ಆಟಗಾರರು ಹಾಗೆ ಮಾತಿನಲ್ಲಿ ತಿದ್ದಲಾಗುವುದಿಲ್ಲ. ಬಾಯಿಮಾತಿನಲ್ಲೇ ಉಳಿದಿರುವ ಊರೂರಿನ ಕ್ರಮಗಳು ಬರಹಕ್ಕೆ ಇಳಿಯದಿದ್ದರೆ, ಆಡುವವರೊಂದಿಗೇ ಮರೆಯಾಗುತ್ತವೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ ಹೆಸರಿನ ಪ್ರದರ್ಶನಗಳ ಮೂಲಕ ಸಾಂಪ್ರದಾಯಿಕ ಮಣೆಯಾಟಗಳನ್ನು ಮತ್ತೆ ಜನರ ಮುಂದಿಡುತ್ತ ಬಂದಿದೆ.