ಪಶ್ಚಿಮೋತ್ತಾನಾಸನದಲ್ಲಿ ಪಾದಗಳ ಸ್ಥಾನ

ಯೋಗಾಸನಗಳನ್ನು ಕುರಿತು ಮಾತನಾಡುವಾಗ ನಾವು ಬೆನ್ನು, ಉದರ, ಉಸಿರು ಇವುಗಳ ವಿಚಾರವನ್ನು ಬಹುವಾಗಿ ಹೇಳುತ್ತೇವೆ. ಪಾದಗಳ ವಿಚಾರವನ್ನು ಅಷ್ಟಾಗಿ ಹೇಳುವುದಿಲ್ಲ. ನಿಂತು ಮಾಡುವ ಆಸನಗಳಲ್ಲಿಯಾದರೋ ದೇಹದ ಭಾರವೆಲ್ಲ ಪಾದಗಳ ಮೇಲೆಯೇ ಬೀಳುವುದರಿಂದ ಅವು ತಾವಾಗಿಯೇ ನಮ್ಮ ಗಮನವನ್ನು ಸೆಳೆಯುತ್ತವೆ. ಕುಳಿತು ಮುಂದಕ್ಕೆ ಬಾಗುವ ಆಸನಗಳಲ್ಲಿ ಅವಕ್ಕೆ ಕೆಲಸವೇ ಇಲ್ಲವೆಂಬಂತೆ ತೋರುತ್ತದೆ. ಕೈಗಳಿಗೆ ಹಿಡಿದುಕೊಳ್ಳಲು ಒದಗುವ ಹಿಡಿಕೆಗಳೆಂದು ಮಾತ್ರ ಅವುಗಳನ್ನು ಭಾವಿಸುವವರೇ ಹೆಚ್ಚು. ಈ ಭಾವನೆ ಏಕೆ ಸರಿಯಲ್ಲ, ಇದರಿಂದ ಆಗುವ ಕೇಡೇನು, ಪಾದಗಳನ್ನು ಇಡತಕ್ಕ ಕ್ರಮವೇನು ಎಂಬುದನ್ನು ಪಶ್ಚಿಮೋತ್ತಾನಾಸನದ ನಿದರ್ಶನದಿಂದ ವಿಚಾರಮಾಡೋಣ.

ಮೊದಲು ಹೆಸರಿನ ಅರ್ಥವನ್ನು ನೋಡಬೇಕು. ಪಶ್ಚಿಮವೆಂದರೆ ಪಡುವಣ ದಿಕ್ಕು; ಹಿಂಬದಿ ಎಂಬ ಅರ್ಥವೂ ಆ ಶಬ್ದಕ್ಕುಂಟು. ಮೂಡಣಕ್ಕೆ ಮುಖಮಾಡಿ ಕುಳಿತವನಿಗೆ ಬೆನ್ನಿನ ಕಡೆಯೇ ಪಡುವಣವಲ್ಲವೆ? ಉತ್ತಾನವೆಂದರೆ ಚೆನ್ನಾಗಿ ಚಾಚುವುದು. ದೇಹದ ಹಿಂಬದಿಯನ್ನೆಲ್ಲ ಚಾಚುವ ಆಸನವೇ ಪಶ್ಚಿಮೋತ್ತಾನ. ಈ ಹಿಂಬದಿ ಎಂಬುದು ಸೊಂಟದಿಂದ ಕತ್ತಿನವರೆಗಿನ ಬೆನ್ನು ಮಾತ್ರವೆಂದು ತಿಳಿಯಬಾರದು. ಅದು ಹಿಮ್ಮಡಿಯಲ್ಲಿ ಮೊದಲಾಗಿ ಮೀನಖಂಡ, ತೊಡೆಯ ಹಿಂಬದಿ, ಪೃಷ್ಠ, ಬೆನ್ನು ಇವುಗಳ ಮೂಲಕ ನೆತ್ತಿಯವರೆಗೆ ಹಬ್ಬಿರುವುದು. ಹಗ್ಗವನ್ನು ಬಿಗಿಯಾಗಿ ಎಳೆಯಬೇಕಾದರೆ ಅದರ ಒಂದು ತುದಿಯನ್ನು ಗೂಟಕ್ಕೆ ಕಟ್ಟಿರಬೇಕಷ್ಟೆ. ಈ ಆಸನದಲ್ಲಿ ಪಾದವೇ ಆ ಗೂಟ. ಗೂಟವು ವಾಲಿದರೆ ಹಗ್ಗದ ಬಿಗಿಯೂ ಓರೆಯಾಗುವುದು.

ಹಳೆಯ ಗ್ರಂಥಗಳು ಈ ವಿಷಯದಲ್ಲಿ ಮಿತಭಾಷಿಗಳು. 15ನೆಯ ಶತಮಾನದ ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆಯು, ಎರಡು ಕಾಲುಗಳನ್ನೂ ನೆಲದ ಮೇಲೆ ದಂಡದಂತೆ ನೀಡಿ, ಪಾದಗಳ ತುದಿಯನ್ನು ಕೈಗಳಿಂದ ಹಿಡಿದು, ಹಣೆಯನ್ನು ಮಂಡಿಯ ಮೇಲಿಡಬೇಕೆಂದಷ್ಟೆ ಹೇಳುತ್ತದೆ. ಶಿವಸಂಹಿತೆಯಲ್ಲಿ ಇದಕ್ಕೆ ಉಗ್ರಾಸನವೆಂದು ಹೆಸರು. ಅಲ್ಲಿ ಕಾಲುಗಳು ಒಂದಕ್ಕೊಂದು ತಗಲದಂತೆ ಇರಬೇಕೆಂದು ಹೇಳಿದೆ. ಪಾದಗಳ ಮುಖ ಎತ್ತ ಇರಬೇಕು, ಹಿಮ್ಮಡಿ ಏನು ಮಾಡಬೇಕು ಎಂಬ ವಿವರಗಳಿಲ್ಲ. ಗುರುವು ಎದುರಿಗೇ ಕುಳಿತು ತಿದ್ದುತ್ತಿದ್ದಾಗ ಬರವಣಿಗೆಗೆ ಅಷ್ಟೇ ಸಾಕಾಗಿದ್ದಿರಬಹುದು. ಈ ವಿವರಗಳನ್ನು ಲೋಕಕ್ಕೆ ತಿಳಿಸಿಕೊಟ್ಟವರಲ್ಲಿ ಮೈಸೂರಿನ ಪರಂಪರೆಯವರ ಪಾಲು ದೊಡ್ಡದು. ತಿರುಮಲೆ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಸತೊಡಗಿದರು. ಮರುವರ್ಷ ಅವರ ‘ಯೋಗಮಕರಂದ’ವು ಛಾಯಾಚಿತ್ರಗಳೊಡನೆ ಕನ್ನಡದಲ್ಲಿ ಪ್ರಕಟವಾಯಿತು. ಅವರ ಬಳಿ ಕಲಿತ ಬಿ. ಕೆ. ಎಸ್. ಅಯ್ಯಂಗಾರ್ಯರು 1966ರಲ್ಲಿ ‘ಲೈಟ್ ಆನ್ ಯೋಗ’ವನ್ನು ಪ್ರಕಟಿಸಿದರು. ಪಾದ, ಹಿಮ್ಮಡಿ, ಮಂಡಿಚಿಪ್ಪು ಮುಂತಾದವುಗಳ ನೆಲೆಯನ್ನು ಒಂದೊಂದಾಗಿ ತಿದ್ದುವುದು ಅವರ ಬೋಧನೆಯ ಮುಖ್ಯ ಲಕ್ಷಣ.

ಇನ್ನು ದೇಹದ ರಚನೆಯನ್ನು ನೋಡೋಣ. ಕುಳಿತಾಗ ನೆಲಕ್ಕೆ ಒತ್ತುವ ಎರಡು ಎಲುಬಿನ ಗುಬ್ಬಿಗಳು ಪೃಷ್ಠದಲ್ಲಿವೆ. ತೊಡೆಯ ಹಿಂಬದಿಯ ಮೂರು ಉದ್ದನೆಯ ಮಾಂಸಖಂಡಗಳು ಅಲ್ಲಿಂದ ಹೊರಟು, ಮಂಡಿಯನ್ನು ದಾಟಿ, ಕಣಕಾಲಿನ ಎಲುಬುಗಳನ್ನು ಸೇರುತ್ತವೆ. ಎರಡು ಒಳಮಗ್ಗುಲಿನಲ್ಲಿ, ಒಂದು ಹೊರಮಗ್ಗುಲಿನಲ್ಲಿ. ಮೀನಖಂಡದ ಮೇಲ್ಪದರದ ಮಾಂಸಖಂಡವಾದರೋ ಮಂಡಿಯ ಮೇಲ್ಗಡೆಯಿಂದ ಹೊರಟು ಹಿಮ್ಮಡಿಯ ಎಲುಬನ್ನು ಸೇರುತ್ತದೆ. ಹೀಗೆ ಮಂಡಿಯ ಹಿಂದೆ ಮೇಲಿನಿಂದ ಬಂದದ್ದೂ ಕೆಳಗಿನಿಂದ ಬಂದದ್ದೂ ಒಂದನ್ನೊಂದು ಹಾಯ್ದುಹೋಗುತ್ತವೆ. ಆದುದರಿಂದ ಪಾದವನ್ನು ಮುಂದಕ್ಕೆ ಚೂಪು ಮಾಡಿದರೂ, ಹಿಂದಕ್ಕೆ ಸೆಳೆದರೂ, ಪಕ್ಕಕ್ಕೆ ಹೊರಳಿಸಿದರೂ ಅದರ ಪರಿಣಾಮ ಪಾದದಲ್ಲಿಯೇ ನಿಲ್ಲದೆ ಮೇಲಕ್ಕೆ ಏರುತ್ತದೆ.

ಸಾಮಾನ್ಯವಾಗಿ ಕಾಣಬರುವ ದೋಷಗಳು ಮೂರು. ಮೊದಲನೆಯದು ಪಾದಗಳು ಎರಡು ಕಡೆಗೂ ಹೊರಕ್ಕೆ ವಾಲುವುದು. ಕಾಲು ಚಾಚಿ ಸುಮ್ಮನೆ ಕುಳಿತರೆ ಅವು ಹೀಗೆ ವಾಲುವುದು ಸಹಜ. ಆಗ ತೊಡೆಯೂ ಹೊರಕ್ಕೆ ಉರುಳಿ, ಎಳೆತವು ಹಿಂಬದಿಯ ನಡುವೆ ಸಮನಾಗಿ ಹಂಚಿಹೋಗದೆ ಒಂದು ಮಗ್ಗುಲಿಗೆ ಜಾರುತ್ತದೆ. ಇಲ್ಲಿ ಗಮನಿಸತಕ್ಕ ಮುಖ್ಯವಾದ ಅಂಶವೊಂದಿದೆ. ಮಂಡಿ ನೇರವಾಗಿರುವಾಗ ಕಾಲು ಹೊರಳುವುದು ಹೆಚ್ಚಾಗಿ ಸೊಂಟದ ಕೀಲಿನಿಂದ. ಬಾಗಿಲು ಓರೆಯಾದರೆ ನಾವು ತಿರುಗಣಿಯನ್ನು ಸರಿಪಡಿಸುತ್ತೇವಲ್ಲದೆ ಬಾಗಿಲಿನ ಅಂಚನ್ನು ಹಿಡಿದು ಜಗ್ಗುವುದಿಲ್ಲ. ಅಂತೆಯೇ ಪಾದಗಳನ್ನು ನೇರಮಾಡಬೇಕಾದರೆ ತೊಡೆಗಳನ್ನು ಬುಡದಿಂದ ಕೊಂಚ ಒಳಕ್ಕೆ ಹೊರಳಿಸಬೇಕು. ಮಂಡಿಚಿಪ್ಪು ನೇರವಾಗಿ ಸೂರಿನ ಕಡೆಗೆ ನೋಡುವಂತಾದರೆ ಅಷ್ಟಕ್ಕೆ ನಿಲ್ಲಿಸತಕ್ಕದ್ದು. ಬೆಳೆದವರಲ್ಲಿ ಕಣಕಾಲಿನ ಎಲುಬು ಸ್ವಭಾವದಿಂದಲೇ ತುಸು ಹೊರಕ್ಕೆ ತಿರುಚಿಕೊಂಡಿರುವುದರಿಂದ, ಮಂಡಿಚಿಪ್ಪು ನೇರವಾಗಿದ್ದರೂ ಬೆರಳುಗಳು ಸ್ವಲ್ಪ ಹೊರಮುಖವಾಗಿರಬಹುದು, ಅದು ದೋಷವಲ್ಲ. ಪಾದಗಳನ್ನೇ ಹಿಡಿದು ಗೆರೆ ಎಳೆದಂತೆ ನೇರಮಾಡಹೊರಟರೆ ತಿರುಚು ಮಂಡಿಯ ಮೇಲೆ ಬೀಳುವುದು.

ಎರಡನೆಯದು ಬೆರಳುಗಳನ್ನು ಮುಂದಕ್ಕೆ ಚೂಪುಮಾಡಿ ಚಾಚುವುದು. ಹೀಗೆ ಮಾಡಿದಾಗ ಮೀನಖಂಡ ಸಡಿಲವಾಗಿ, ಬಾಗುವುದು ಸುಲಭವಾದಂತೆ ತೋರುತ್ತದೆ. ಹಗ್ಗದ ಕೆಳತುದಿಯನ್ನು ಬಿಚ್ಚಿ ಹಗ್ಗ ಉದ್ದವಾಯಿತೆಂದು ಸಂತೋಷಪಟ್ಟಂತೆ ಇದು. ಸಾಲದುದಕ್ಕೆ ಅಂಗಾಲಿನಲ್ಲಿಯೋ ಮೀನಖಂಡದಲ್ಲಿಯೋ ಸೆಡೆತ ಹಿಡಿಯುವುದೂ ಉಂಟು.

ಮೂರನೆಯದು ಇದಕ್ಕೆ ವಿರುದ್ಧವಾದುದು: ಬೆರಳುಗಳನ್ನು ಬಲವಂತವಾಗಿ ಮುಖದ ಕಡೆಗೆ ಸೆಳೆದುಕೊಳ್ಳುವುದು. ಪಾದವನ್ನು ಮೇಲಕ್ಕೆ ಸೆಳೆಯುವ ಮುಖ್ಯ ಮಾಂಸಖಂಡವು ಪಾದದ ಒಳಅಂಚಿಗೆ ಅಂಟಿಕೊಂಡಿದೆ. ಆದುದರಿಂದ ಅದು ಪಾದವನ್ನು ಸೆಳೆಯುವಾಗ ಅಂಗಾಲನ್ನು ಒಳಮುಖವಾಗಿಯೂ ಹೊರಳಿಸುತ್ತದೆ. ಹೆಬ್ಬೆರಳಿನ ಬುಡ ಹಿಂದಕ್ಕೆ ಬರುವುದು, ಕಿರುಬೆರಳಿನ ಬುಡ ಮುಂದೆ ಉಳಿಯುವುದು. ಹೆಬ್ಬೆರಳಿನ ಬುಡವನ್ನು ಮೆಲ್ಲನೆ ಮುಂದಕ್ಕೆ ಒತ್ತಿದರೆ ಅಂಗಾಲು ಸಮನಾಗುತ್ತದೆ. ಕೀಲುಗಳು ಸಡಿಲವಾಗಿರುವವರು ಮಂಡಿಯನ್ನು ಅತಿಯಾಗಿ ನೆಲಕ್ಕೆ ಒತ್ತಿದರೆ ಹಿಮ್ಮಡಿಗಳು ನೆಲವನ್ನು ಬಿಟ್ಟು ಮೇಲೇಳುತ್ತವೆ. ಇದನ್ನು ಬಲದ ಲಕ್ಷಣವೆಂದು ತಿಳಿಯದೆ, ಮಂಡಿಯ ಕೀಲು ತನ್ನ ಮಿತಿಯನ್ನು ಮೀರಿ ಹಿಂದಕ್ಕೆ ಬಾಗುತ್ತಿದೆಯೆಂಬುದರ ಸೂಚನೆಯೆಂದು ತಿಳಿಯತಕ್ಕದ್ದು.

ಇಲ್ಲಿ ನಮ್ಮ ಆಡುಮಾತಿನ ಒಂದು ತೊಡಕನ್ನು ಬಿಡಿಸಬೇಕಾಗಿದೆ. ಮಂಡಿಯ ಹಿಂದೆ ಎಳೆತವುಂಟಾದರೆ ನಾವೆಲ್ಲರೂ ‘ನರ ಹಿಡಿಯಿತು’ ಎನ್ನುತ್ತೇವೆ. ಮಾಂಸಖಂಡದ ಎಳೆತಕ್ಕೂ ಜ್ಞಾನತಂತುವಿನ ಎಳೆತಕ್ಕೂ ನಮ್ಮಲ್ಲಿ ಒಂದೇ ಮಾತು. ಇವೆರಡೂ ಬೇರೆ ಬೇರೆ. ಸೊಂಟದ ಕೆಳಭಾಗದಿಂದ ಹೊರಟು ತೊಡೆಯ ಹಿಂಬದಿಯಲ್ಲಿ ಇಳಿದು, ಕವಲೊಡೆದು, ಪಾದದವರೆಗೆ ಹೋಗುವ ದಪ್ಪನೆಯ ಜ್ಞಾನತಂತುವೊಂದಿದೆ. ಇದು ಕೆರಳಿದಾಗ ಬರುವ ನೋವನ್ನೇ ಆಯುರ್ವೇದದಲ್ಲಿ ಗೃಧ್ರಸಿಯೆನ್ನುತ್ತಾರೆ, ಇಂದಿನ ವೈದ್ಯರು ಸಯಾಟಿಕಾ ಎನ್ನುತ್ತಾರೆ. ನೀಡಿದ ಕಾಲಿನ ಪಾದವನ್ನು ಹಿಂದಕ್ಕೆ ಸೆಳೆದರೆ ಈ ತಂತುವೂ ಬಿಗಿಯುವುದು. ಮಲಗಿದ ರೋಗಿಯ ಕಾಲನ್ನು ಎತ್ತಿ, ಪಾದವನ್ನು ಮಡಿಸಿ ವೈದ್ಯರು ಪರೀಕ್ಷಿಸುವುದು ಇದೇ ತತ್ತ್ವದ ಮೇಲೆ. ತೊಡೆಯ ನಡುವೆ ಮಂದವಾಗಿ, ಅಗಲವಾಗಿ ತೋರುವ ಎಳೆತ ಮಾಂಸಖಂಡದ್ದು. ಉಸಿರಾಟದೊಡನೆ ಅದು ಕ್ರಮವಾಗಿ ಸಡಿಲುತ್ತದೆ. ಜುಮ್ಮೆನ್ನುವ, ಉರಿಯುವ, ವಿದ್ಯುತ್ತಿನಂತೆ ಪಾದದವರೆಗೆ ಹರಿಯುವ ವೇದನೆ ತಂತುವಿನದು. ಅದನ್ನು ಸಹಿಸಿಕೊಂಡು ಮುಂದುವರಿಯುವುದು ಸಾಧನೆಯಲ್ಲ. ಅಂಥ ವೇದನೆ ತೋರಿದೊಡನೆ ಪಾದವನ್ನು ಸಡಿಲಬಿಟ್ಟು, ಮಂಡಿಯನ್ನು ತುಸು ಮಡಿಸಿ ಹಿಂದಕ್ಕೆ ಬರಬೇಕು.

ಇಷ್ಟನ್ನು ತಿಳಿದ ಮೇಲೆ ಆಚರಣೆಯ ಕ್ರಮ ಕಷ್ಟವಲ್ಲ. ಮಡಿಸಿದ ಕಂಬಳಿಯ ಅಂಚಿನಲ್ಲಿ ಕುಳಿತುಕೊಳ್ಳಿ. ಸೊಂಟವು ಮುಂದಕ್ಕೆ ಬಾಗಲು ಇದು ಸಹಾಯಕ. ಕಾಲುಗಳನ್ನು ನೀಡಿ, ಅಂಗಾಲುಗಳನ್ನು ಗೋಡೆಗೆ ತಾಗಿಸಿ. ನೆಲದ ಮೇಲೆ ನಿಂತಾಗ ಪಾದ ಹೇಗಿರುವುದೋ ಗೋಡೆಯ ಮೇಲೆಯೂ ಹಾಗೆಯೇ ಇರಲಿ: ಹಿಮ್ಮಡಿ, ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ ಮೂರೂ ಸಮನಾಗಿ ಒತ್ತಿರಲಿ, ಬೆರಳುಗಳು ಬಿಡಿಬಿಡಿಯಾಗಿರಲಿ. ಪಾದಗಳು ಜೋಡಿಸಿರಲಿ, ನಾಲ್ಕು ಬೆರಳಗಲ ಬಿಟ್ಟಿರಲಿ. ಹೊಟ್ಟೆಯ ಗಾತ್ರವನ್ನೂ ಸೊಂಟದ ಅನುಕೂಲವನ್ನೂ ನೋಡಿಕೊಂಡು ನಿಶ್ಚಯಿಸಬಹುದು. ಆಮೇಲೆ ತೊಡೆಸಂದಿನಿಂದ ಬಾಗಬೇಕು. ಕೈಗೆ ಪಾದ ನಿಲುಕದಿದ್ದರೆ ಅಂಗವಸ್ತ್ರವನ್ನು ಪಾದಗಳ ಹಿಂದೆ ಹಾಯಿಸಿ ಅದರ ಎರಡು ತುದಿಗಳನ್ನು ಹಿಡಿದುಕೊಂಡರೆ ಸಾಕು.

ಈ ಕೊನೆಯ ಮಾತನ್ನು ನಮ್ಮಂಥ ಪಟ್ಟಣವಾಸಿಗಳು ವಿಶೇಷವಾಗಿ ಮನಸ್ಸಿನಲ್ಲಿಡಬೇಕು. ದಿನವೆಲ್ಲ ಕುರ್ಚಿಯ ಮೇಲೆ ಕುಳಿತು ಕೆಲಸಮಾಡಿ ನಲವತ್ತು ಐವತ್ತರ ವಯಸ್ಸಿನಲ್ಲಿ ಆಸನಗಳನ್ನು ಆರಂಭಿಸುವವರಿಗೆ, ಕೈ ಹೆಬ್ಬೆರಳಿಗೆ ತಾಗಿತೆ ಎಂಬುದೇ ಅಳತೆಗೋಲಾಗಿಬಿಡುತ್ತದೆ. ತೊಡೆಯ ಹಿಂಬದಿ ಬಿಗಿದಿರುವಾಗ ಪಾದವನ್ನು ಹಿಡಿದು ಜಗ್ಗಿದರೆ ಬಾಗುವುದು ಸೊಂಟದ ಕೀಲಲ್ಲ, ಬೆನ್ನಿನ ಕೆಳಭಾಗ. ಅಲ್ಲಿನ ಕಶೇರುಗಳ ನಡುವಣ ಮೆತ್ತೆಗಳು ಮುಂದೆ ಅದುಮಲ್ಪಟ್ಟು ಹಿಂದಕ್ಕೆ ತಳ್ಳಲ್ಪಡುತ್ತವೆ. ಆರೋಗ್ಯಕ್ಕಾಗಿ ತೊಡಗಿದ ಕೆಲಸ ವೈದ್ಯರ ಮನೆಗೆ ದಾರಿಯಾಗುವುದು ಹೀಗೆ. ಮೊದಲೇ ಸಯಾಟಿಕಾ, ಬೆನ್ನುಮೂಳೆಯ ತೊಂದರೆ ಇರುವವರೂ, ಗರ್ಭಿಣಿಯರೂ, ಉದರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರೂ ವೈದ್ಯರನ್ನು ಕೇಳದೆ ಈ ಆಸನಕ್ಕೆ ತೊಡಗಬಾರದು.

ಹೇಳಿದುದನ್ನು ಸಂಗ್ರಹಿಸುವುದಾದರೆ ಕ್ರಮ ಇಷ್ಟೆ: ಮೊದಲು ತೊಡೆ, ಅನಂತರ ಮಂಡಿಚಿಪ್ಪು, ಆಮೇಲೆ ಹಿಮ್ಮಡಿ ಮತ್ತು ಹೆಬ್ಬೆರಳಿನ ಬುಡ, ಎಲ್ಲಕ್ಕೂ ಕಡೆಯಲ್ಲಿ ಕೈ. ಆಸನವು ಸ್ಥಿರವೂ ಸುಖಕರವೂ ಆಗಿರಬೇಕೆಂಬುದು ಪತಂಜಲಿಯ ಅಭಿಪ್ರಾಯ. ಪಾದಗಳು ಸರಿಯಾಗಿ ನೆಲೆನಿಂತರೆ ಸ್ಥಿರತೆ ದೊರೆಯುತ್ತದೆ. ಅವುಗಳನ್ನು ಹಿಡಿಯುವ ಆತುರವನ್ನು ಬಿಟ್ಟರೆ ಸುಖವೂ ದೊರೆಯುತ್ತದೆ. ನಾಳೆ ಬೆಳಗ್ಗೆ ಆಸನಕ್ಕೆ ಕುಳಿತಾಗ ಬಾಗುವುದಕ್ಕೆ ಮುನ್ನ ಒಂದು ಕ್ಷಣ ನಿಂತು ಮಂಡಿಚಿಪ್ಪುಗಳು ಎತ್ತ ನೋಡುತ್ತಿವೆಯೆಂದು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.